ಮೀನುತೊಟ್ಟಿಯ ನೀರು ಬದಲಾವಣೆ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ

ಮನೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಸಿಹಿನೀರಿನ ಬಣ್ಣದ ಮೀನು ಸಾಕುವವರು ತೊಟ್ಟಿಯ ನೀರಿನ ಒಂದು ಪಾಲನ್ನು ಆಗಾಗ ಹೊರತೆಗೆದು, ಅಷ್ಟೇ ಹೊಸ ನೀರನ್ನು ಹದಮಾಡಿ ತುಂಬುವುದಕ್ಕೆ ನೀರು ಬದಲಾವಣೆ ಎಂದು ಹೆಸರು. ಇದು ತೊಟ್ಟಿ ತೊಳೆಯುವ ಕೆಲಸವಲ್ಲ. ಮೀನಿನ ಮಲಮೂತ್ರ, ತಿನ್ನದೆ ಉಳಿದ ಆಹಾರ, ಕೊಳೆತ ಗಿಡದ ಎಲೆ ಇವುಗಳಿಂದ ನೀರಿನಲ್ಲಿ ಕರಗಿ ಸೇರುವ ವಸ್ತುಗಳನ್ನು ತೆಳುವಾಗಿಸುವುದು ಇದರ ಉದ್ದೇಶ. ಎಷ್ಟು ನೀರು, ಎಷ್ಟು ದಿನಕ್ಕೊಮ್ಮೆ, ಹೇಗೆ ಹದಮಾಡಿ ತುಂಬಬೇಕು ಎಂಬುದು ತೊಟ್ಟಿಯ ಗಾತ್ರ ಮತ್ತು ಮೀನಿನ ಸಂಖ್ಯೆಯನ್ನು ಅವಲಂಬಿಸಿರುವಷ್ಟೇ ಮನೆಗೆ ಬರುವ ನೀರಿನ ಮೂಲವನ್ನೂ ಅವಲಂಬಿಸಿದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಅಲ್ಲಿನ ಮನೆಗಳ ನೀರು ಒಂದೇ ಬಗೆಯದಲ್ಲ. ಹೊಳೆ ನೀರು, ನಾಲೆಯ ಬದಿಯ ಬಾವಿ ನೀರು, ಆಳದ ಬೋರ್ ನೀರು, ಶುದ್ಧ ನೀರಿನ ಘಟಕದ ಆರ್‌ಓ ನೀರು ಎಲ್ಲವೂ ಇಲ್ಲಿ ಬಳಕೆಯಲ್ಲಿವೆ.

ಹಿನ್ನೆಲೆ

ಚಿನ್ನದ ಮೀನನ್ನು ಮೊದಲು ಸಾಕಿ ಬೆಳೆಸಿದವರು ಚೀನೀಯರು. ಸಾಂಗ್ ಅರಸರ ಕಾಲದಲ್ಲಿ ಅದು ಅರಮನೆಯ ಕೊಳಗಳಲ್ಲಿತ್ತು. ಗಾಜಿನ ತೊಟ್ಟಿಯ ಶಾಸ್ತ್ರೀಯ ಪ್ರಯೋಗ ನಡೆದದ್ದು ಲಂಡನ್ನಿನಲ್ಲಿ. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಚಿನ್ನದ ಮೀನು, ವ್ಯಾಲಿಸ್ನೇರಿಯಾ ಗಿಡ ಮತ್ತು ಬಸವನಹುಳುಗಳನ್ನು ಒಂದೇ ತೊಟ್ಟಿಯಲ್ಲಿಟ್ಟು, ಅವು ಪರಸ್ಪರ ಆಸರೆಯಾಗಿ ಬದುಕುವುದನ್ನು ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಮಾತು ಜನಪ್ರಿಯವಾಯಿತು. ಗಿಡ ಮತ್ತು ಮೀನು ಸಮತೋಲದಲ್ಲಿದ್ದರೆ ನೀರು ಬದಲಿಸುವುದೇ ಬೇಡ ಎಂಬ ನಂಬಿಕೆ ಆ ಕಾಲದಿಂದ ಬಹಳ ವರ್ಷ ಉಳಿದುಬಂತು. ಮೀನಿನ ಕಶ್ಮಲವನ್ನು ಬ್ಯಾಕ್ಟೀರಿಯಾಗಳು ಹಂತ ಹಂತವಾಗಿ ಬೇರೆ ವಸ್ತುಗಳಾಗಿ ಮಾರ್ಪಡಿಸುತ್ತವೆ, ಕೊನೆಯ ವಸ್ತು ನೀರಿನಲ್ಲೇ ಉಳಿಯುತ್ತದೆ ಎಂಬುದು ಸ್ಪಷ್ಟವಾದ ಮೇಲೆ ಆ ನಂಬಿಕೆ ಸಡಿಲಿತು.

ಕರ್ನಾಟಕದಲ್ಲಿ ಮೀನನ್ನು ಕುತೂಹಲದಿಂದ ಗಮನಿಸುವ ರೂಢಿ ಹಳೆಯದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದ ಮತ್ಸ್ಯವಿನೋದ ಭಾಗ ಮೀನುಗಳ ಜಾತಿ, ಅವುಗಳ ಆಹಾರ ಮತ್ತು ಗಾಳ ಹಾಕುವ ಬಗೆಯನ್ನು ವಿವರಿಸುತ್ತದೆ. ಮನೆಯ ಬಾವಿಗೆ, ನೀರಿನ ತೊಟ್ಟಿಗೆ ಒಂದೆರಡು ಮೀನು ಬಿಟ್ಟು ಸೊಳ್ಳೆಮರಿ ತಿನ್ನಿಸುವ ಪದ್ಧತಿ ಹಳ್ಳಿಗಳಲ್ಲಿ ಇಂದಿಗೂ ಇದೆ. ಆರೋಗ್ಯ ಇಲಾಖೆ ಲಾರ್ವಾಹಾರಿ ಮೀನೆಂದು ಹಂಚುವ ಗಪ್ಪಿ ಮತ್ತು ಗ್ಯಾಂಬೂಸಿಯಾ ಎರಡೂ ಅಮೆರಿಕ ಖಂಡದ ಮೂಲದವು. ಗ್ಯಾಂಬೂಸಿಯಾ 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂತು. ಬೆಂಗಳೂರಿನ ಕಬ್ಬನ್ ಉದ್ಯಾನದ ಸರ್ಕಾರಿ ಮತ್ಸ್ಯಾಲಯ 1983ರಲ್ಲಿ ಆರಂಭವಾಯಿತು. ಈಗ ತಾಲ್ಲೂಕು ಕೇಂದ್ರಗಳ ಅಂಗಡಿ, ಕ್ಲಿನಿಕ್ಕು, ಹೋಟೆಲುಗಳಲ್ಲೂ ಮೀನುತೊಟ್ಟಿ ಸಾಮಾನ್ಯ ನೋಟ. ಗಪ್ಪಿ, ಮೋಲಿ, ಚಿನ್ನದ ಮೀನು, ಏಂಜಲ್, ಗೌರಮಿ ಮತ್ತು ಫೈಟರ್ ಹೆಚ್ಚು ಬಳಕೆಯಲ್ಲಿರುವ ಮೀನುಗಳು.

ನೀರು ಕೆಡುವ ಬಗೆ

ಮೀನು ಕಿವಿರುಗಳ ಮೂಲಕ ಅಮೋನಿಯಾವನ್ನು ನೇರವಾಗಿ ನೀರಿಗೆ ಬಿಡುತ್ತದೆ. ಫಿಲ್ಟರಿನ ಸ್ಪಂಜು, ತಳದ ಜಲ್ಲಿ ಮತ್ತು ಗಾಜಿನ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅಮೋನಿಯಾ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿ ಅದನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಆಗ ರಕ್ತ ಆಮ್ಲಜನಕ ಹೊರಲಾರದೆ, ನೀರಿನಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ನೈಟ್ರೇಟ್ ಇವೆರಡಕ್ಕಿಂತ ಸೌಮ್ಯ. ಆದರೆ ಅದನ್ನು ತೆಗೆಯುವ ದಾರಿ ಸಾಮಾನ್ಯ ಫಿಲ್ಟರಿಗಿಲ್ಲ. ಒಂದಿಷ್ಟನ್ನು ಗಿಡ ಮತ್ತು ಪಾಚಿ ಹೀರುತ್ತವೆ, ಉಳಿದದ್ದು ದಿನದಿನಕ್ಕೆ ಏರುತ್ತದೆ.

ಅಮೋನಿಯಾದ ವಿಷ ನೀರಿನ ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇ. 0.6ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಶೇ. 5ರಷ್ಟಾಗುತ್ತದೆ, 8.5ಕ್ಕೆ ಏರಿದರೆ ಶೇ. 15ರಷ್ಟು. ಆದ್ದರಿಂದ ಗಡಸು, ಕ್ಷಾರೀಯ ಬೋರ್ ನೀರಿನ ತೊಟ್ಟಿಯಲ್ಲಿ ಸ್ವಲ್ಪ ಅಮೋನಿಯಾವೂ ಅಪಾಯಕಾರಿ.

ನೀರು ತಿಳಿಯಾಗಿ ಕಂಡರೆ ಚೆನ್ನಾಗಿದೆ ಎಂದು ಹೇಳಲಾಗದು. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಗೆ ಅದರ ತಿಳಿನೀರಿನಿಂದಾಗಿಯೇ ಮುತ್ತಿನ ಕೆರೆ ಎಂಬರ್ಥದ ಮೋತಿ ತಲಾಬ್ ಎಂಬ ಹೆಸರೂ ಬಂದಿದೆ. ಕೆರೆಯ ವಿಸ್ತಾರಕ್ಕೆ ಹೊಂದುವ ಈ ಅಳತೆಗೋಲು ಗಾಜಿನ ತೊಟ್ಟಿಗೆ ಹೊಂದದು. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಕ್ಲೋರಿನ್ ಯಾವುದಕ್ಕೂ ಬಣ್ಣವಿಲ್ಲ.

ಎಷ್ಟು, ಎಷ್ಟು ದಿನಕ್ಕೊಮ್ಮೆ

ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಅಂಗಡಿಯಲ್ಲಿ ಎರಡಡಿ ತೊಟ್ಟಿ ಎಂದು ಕೊಡುವ 60×30×30 ಅಳತೆಯದು 54 ಲೀಟರ್ ಹಿಡಿಯುತ್ತದೆ. ಜಲ್ಲಿ, ಕಲ್ಲು ಮತ್ತು ಮೇಲೆ ಬಿಟ್ಟ ಜಾಗ ಕಳೆದರೆ ನೀರು ಸುಮಾರು 45 ಲೀಟರ್. ಇದರ ಕಾಲು ಭಾಗವೆಂದರೆ 11 ಲೀಟರಿನ ಆಸುಪಾಸು, ಸಾಮಾನ್ಯ ಬಕೆಟ್ಟಿಗಿಂತ ಸ್ವಲ್ಪ ಕಡಿಮೆ. ಮೀನು ಕಿಕ್ಕಿರಿಯದ, ಫಿಲ್ಟರ್ ಇರುವ ತೊಟ್ಟಿಗೆ ವಾರಕ್ಕೊಮ್ಮೆ ಕಾಲು ಭಾಗ ಬದಲಿಸುವುದು ಸಾಮಾನ್ಯ ಕ್ರಮ.

ಈ ಕ್ರಮದ ಹಿಂದೆ ಸರಳ ಲೆಕ್ಕವಿದೆ. ವಾರಕ್ಕೆ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಸೇರುವ ತೊಟ್ಟಿಯಲ್ಲಿ ಪ್ರತಿವಾರ ಕಾಲು ಭಾಗ ನೀರು ಬದಲಿಸಿದರೆ, ಕೆಲವು ವಾರಗಳ ಬಳಿಕ ನೈಟ್ರೇಟ್ ಬದಲಾವಣೆಗೆ ಮುನ್ನ 40, ಬದಲಾವಣೆಯ ಬಳಿಕ 30 ಎಂಬಲ್ಲಿ ನೆಲೆ ನಿಲ್ಲುತ್ತದೆ. ಅರ್ಧ ಬದಲಿಸಿದರೆ 20 ಮತ್ತು 10ರ ನಡುವೆ ಆಡುತ್ತದೆ. ಹತ್ತನೇ ಒಂದು ಭಾಗ ಮಾತ್ರ ಬದಲಿಸಿದರೆ 100ರವರೆಗೆ ಏರುತ್ತದೆ. ನೈಟ್ರೇಟನ್ನು 40ರ ಒಳಗಿಡುವುದು ಸಾಕಣೆದಾರರ ಸಾಮಾನ್ಯ ಗುರಿ. ಮರಿಗಳಿಗೆ ಇದಕ್ಕಿಂತ ಕಡಿಮೆ ಇರಬೇಕು.

ಮೇಲಿನ ಲೆಕ್ಕ ತರುವ ನೀರಿನಲ್ಲಿ ನೈಟ್ರೇಟ್ ಇಲ್ಲವೆಂದು ಎಣಿಸಿ ಮಾಡಿದ್ದು. ಮೂಲದ ನೀರಿನಲ್ಲಿ ಎಷ್ಟಿದೆಯೋ ಅಷ್ಟನ್ನು ಇದಕ್ಕೆ ಕೂಡಿಸಬೇಕು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಆ ಮಿತಿಗೆ ಮುಟ್ಟಿದ ಬೋರ್ ನೀರನ್ನು ತುಂಬುವ ಮನೆಯಲ್ಲಿ ಅದೇ ಕಾಲು ಭಾಗದ ಕ್ರಮ ತೊಟ್ಟಿಯನ್ನು 85ಕ್ಕೆ ಒಯ್ಯುತ್ತದೆ. ದಿನಾ ಬದಲಿಸಿದರೂ ಅದು 45ಕ್ಕಿಂತ ಕೆಳಗಿಳಿಯದು. ಅಂಥ ಮನೆಗೆ ಬೇಕಾದದ್ದು ಬೇರೆ ನೀರು, ಹೆಚ್ಚು ನೀರಲ್ಲ.

ಐದು ಲೀಟರಿನ ಗಾಜಿನ ಬುರುಡೆಯಲ್ಲಿ ಚಿನ್ನದ ಮೀನು ಸಾಕುವವರಿಗೆ ವಾರದ ಲೆಕ್ಕ ನಡೆಯದು. ಚಿನ್ನದ ಮೀನು ಹೆಚ್ಚು ತಿಂದು ಹೆಚ್ಚು ಕಶ್ಮಲ ಬಿಡುವ ಜಾತಿ. ಅದಕ್ಕೆ ದೊಡ್ಡ ತೊಟ್ಟಿಯೇ ಬೇಕು.

ನಾಲ್ಕು ತಾಲ್ಲೂಕುಗಳ ನೀರು

ಕಾವೇರಿ ಸುತ್ತುವರಿದ ದ್ವೀಪವಾದ ಶ್ರೀರಂಗಪಟ್ಟಣದಲ್ಲಿ ನಲ್ಲಿಗೆ ಬರುವುದು ಹೊಳೆಯ ನೀರು. ಬೋರ್ ನೀರಿಗಿಂತ ಇದು ಮೆದು. ಸೋಪು ಬೇಗ ನೊರೆಗಟ್ಟುತ್ತದೆ, ಪಾತ್ರೆಯ ಅಂಚಿನಲ್ಲಿ ಬಿಳಿ ಪಟ್ಟೆ ಕಡಿಮೆ. ಏಂಜಲ್, ಗೌರಮಿ, ಟೆಟ್ರಾ ಮೀನುಗಳಿಗೆ ಇದು ಒಗ್ಗುತ್ತದೆ. ಇಲ್ಲಿ ಎಚ್ಚರ ಬೇಕಾದ್ದು ಕ್ಲೋರಿನ್ ವಿಷಯದಲ್ಲಿ. ಕುಡಿಯುವ ನೀರಿನಲ್ಲಿ ರೋಗಾಣು ತಡೆಯಲು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಮಾನಕ. ಮನುಷ್ಯನಿಗೆ ರಕ್ಷಣೆಯಾದ ಅಷ್ಟೇ ಕ್ಲೋರಿನ್ ಮೀನಿನ ಕಿವಿರಿಗೆ ಹಾನಿ ಮಾಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಮೆದು ನೀರಿಗೆ ಇನ್ನೊಂದು ದೌರ್ಬಲ್ಯವಿದೆ. ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಮಾರ್ಪಡಿಸುವಾಗ ನೀರಿನ ಕ್ಷಾರತೆಯನ್ನು ತಿನ್ನುತ್ತವೆ: ಅಮೋನಿಯಾ ರೂಪದ ಒಂದು ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ. ತಿಂಗಳುಗಟ್ಟಲೆ ನೀರು ಬದಲಿಸದೆ ಬಿಟ್ಟರೆ ಕ್ಷಾರತೆ ಬರಿದಾಗಿ ಪಿಎಚ್ ಕುಸಿಯುತ್ತದೆ.

ಪಾಂಡವಪುರ ತಾಲ್ಲೂಕು ನಾಲೆಯ ಸೀಮೆ. ಕೃಷ್ಣರಾಜಸಾಗರದ ಎಡದಂಡೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗದ ಮೂಲಕ ಹಾದು ಭತ್ತ ಮತ್ತು ಕಬ್ಬಿನ ಗದ್ದೆಗಳಿಗೆ ನೀರುಣಿಸುತ್ತದೆ. ಗದ್ದೆ ಸೀಮೆಯ ಬಾವಿ, ಬೋರುಗಳಲ್ಲಿ ನೀರಿನ ಮಟ್ಟ ಮೇಲಿರುತ್ತದೆ. ಆದರೆ ಗದ್ದೆಗೆ ಹಾಕಿದ ಯೂರಿಯಾದ ಒಂದು ಪಾಲು, ತಿಪ್ಪೆ ಮತ್ತು ಶೌಚಗುಂಡಿಗಳ ಕಶ್ಮಲ ಇಂಗಿ ಅದೇ ನೀರಿಗೆ ನೈಟ್ರೇಟಾಗಿ ಸೇರುತ್ತದೆ. ಹೀಗಾಗಿ ಗದ್ದೆ ಬದಿಯ ಮನೆಯವರು ನೀರು ಬದಲಿಸುವ ಮುನ್ನ ನೋಡಬೇಕಾದದ್ದು ನೈಟ್ರೇಟ್. ನಾಲೆಯ ನೀರನ್ನು ನೇರವಾಗಿ ತಂದು ತೊಟ್ಟಿಗೆ ಸುರಿಯುವುದೂ ತರವಲ್ಲ; ಔಷಧಿ ಸಿಂಪಡಿಸಿದ ಗದ್ದೆಗಳ ಬಸಿನೀರು ಅದಕ್ಕೆ ಸೇರಿರಬಹುದು, ಕಾಡುಮೀನಿನ ಪರೋಪಜೀವಿಗಳೂ ಬರಬಹುದು.

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ಹರಿದು ಮುಂದೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಮಂದಗೆರೆ ಅಣೆಕಟ್ಟೆಯ ನಾಲೆಗಳೂ ಗೊರೂರು ಜಲಾಶಯದ ಹೇಮಾವತಿ ಎಡದಂಡೆ ನಾಲೆಯೂ ಇಲ್ಲಿವೆ. ಹೊಳೆಯ ನೀರು ಸಿಗುವ ಮನೆ ಶ್ರೀರಂಗಪಟ್ಟಣದ ಕ್ರಮವನ್ನೂ, ಬೋರ್ ನಂಬಿದ ಮನೆ ನಾಗಮಂಗಲದ ಕ್ರಮವನ್ನೂ ಅನುಸರಿಸಬೇಕು. ಎರಡೂ ನೀರು ಒಂದೇ ಸಂಪಿಗೆ ಬೀಳುವ ಮನೆಗಳಲ್ಲಿ ವಾರದಿಂದ ವಾರಕ್ಕೆ ನೀರಿನ ಗುಣವೇ ಬದಲಾಗುತ್ತದೆ. ಮೀನಿಗೆ ಗಡಸು ನೀರಿಗಿಂತಲೂ ಈ ಏರಿಳಿತ ಹೆಚ್ಚು ಕಷ್ಟ. ಅಂಥಲ್ಲಿ ಹೊಳೆ ನೀರು ಬಂದ ದಿನವೇ ಅದನ್ನು ಡ್ರಮ್ಮಿನಲ್ಲಿ ಬೇರೆಯಾಗಿ ಹಿಡಿದಿಡುವುದು ಉತ್ತಮ.

ನಾಗಮಂಗಲ ನಾಲ್ಕರಲ್ಲಿ ಒಣ ತಾಲ್ಲೂಕು. ಹೇಮಾವತಿ ನಾಲೆ ಒಂದಷ್ಟು ಭಾಗಕ್ಕೆ ತಲುಪಿದರೂ ಹಲವು ಹಳ್ಳಿಗಳಿಗೆ ಕಲ್ಲುಪದರದ ಆಳದ ಬೋರೇ ಗತಿ. ಕಲ್ಲಿನ ಸಂದುಗಳಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಬೇಳೆ ಬೇಯದ ನೀರು ಎಂದು ಜನ ಗುರುತಿಸುವುದು ಇದನ್ನೇ. ಮಾನಕದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು. ಗಪ್ಪಿ, ಮೋಲಿ, ಪ್ಲಾಟಿ ಮತ್ತು ಚಿನ್ನದ ಮೀನು ಗಡಸು ನೀರಿನಲ್ಲಿ ಚೆನ್ನಾಗಿ ಬಾಳುತ್ತವೆ. ನೀರಿಗೆ ತಕ್ಕ ಮೀನು ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಈ ತಾಲ್ಲೂಕಿನ ಕೆಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಮುಖ್ಯವಾಗಿ ಅದು ಕುಡಿಯುವವರ ಹಲ್ಲು, ಮೂಳೆಗಳ ಪ್ರಶ್ನೆ. ಮೀನಿನ ಮೇಲೆ ಅದರ ಪರಿಣಾಮವನ್ನು ಗಡಸುತನ ಕಡಿಮೆ ಮಾಡುತ್ತದೆ.

ಹೊಸ ನೀರನ್ನು ಹದಮಾಡುವುದು

ಕ್ಲೋರಿನ್ ಇರುವ ನಲ್ಲಿ ನೀರನ್ನು ಬಾಯಿ ಅಗಲವಾದ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟರೆ ಅದು ಆವಿಯಾಗಿ ಹೋಗುತ್ತದೆ. ಗಾಳಿಯಂತ್ರದ ಕಲ್ಲು ಇಳಿಬಿಟ್ಟರೆ ಇನ್ನೂ ಬೇಗ. ಕೂಡಲೇ ಬೇಕಾದರೆ ಆಂಟಿ-ಕ್ಲೋರಿನ್ ಎಂದು ಮಾರುವ ಹನಿಗಳನ್ನು ಹಾಕಬಹುದು. ಅದರಲ್ಲಿರುವುದು ಸಾಮಾನ್ಯವಾಗಿ ಸೋಡಿಯಂ ಥಯೊಸಲ್ಫೇಟ್, ಹಿಂದೆ ಫೋಟೊ ಸ್ಟುಡಿಯೊಗಳಲ್ಲಿ ಬಳಸುತ್ತಿದ್ದ ಹೈಪೋ. ಒಂದು ಮಿಲಿಗ್ರಾಂ ಕ್ಲೋರಿನಿಗೆ ಸುಮಾರು 7 ಮಿಲಿಗ್ರಾಂ ಹೈಪೋ ಹರಳು ಸಾಕು.

ನೇರವಾಗಿ ಹಿಡಿದ ಬೋರ್ ನೀರಿನಲ್ಲಿ ಕ್ಲೋರಿನ್ ಇರದು. ಅಲ್ಲಿನ ತೊಡಕು ಬೇರೆ. ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಮೋಟಾರು ಹಾಕಿದ ಕೂಡಲೇ ಹಿಡಿದು ಸುರಿದರೆ ಮೀನಿಗೆ ಉಸಿರು ಕಟ್ಟುತ್ತದೆ. ಒಂದು ರಾತ್ರಿ ಗಾಳಿಗೆ ಬಿಟ್ಟರೆ ಅನಿಲ ಹೊರಹೋಗಿ ಪಿಎಚ್ ತನ್ನ ನಿಜ ಮಟ್ಟಕ್ಕೆ ಏರುತ್ತದೆ. ಪಿಎಚ್ ಅಳೆಯಬೇಕಾದದ್ದು ಆಮೇಲೆ.

ಗಡಸು ಇಳಿಸಲು ಶುದ್ಧ ನೀರಿನ ಘಟಕದ ಆರ್‌ಓ ನೀರನ್ನೋ ಮಳೆನೀರನ್ನೋ ಬೆರೆಸುತ್ತಾರೆ. 400 ಗಡಸುತನದ ಬೋರ್ ನೀರಿಗೆ ಅಷ್ಟೇ ಆರ್‌ಓ ನೀರು ಸೇರಿಸಿದರೆ ಗಡಸುತನ ಹೆಚ್ಚುಕಡಿಮೆ 200ಕ್ಕೆ ಇಳಿಯುತ್ತದೆ. ನೈಟ್ರೇಟೂ ಸುಮಾರು ಅರ್ಧಕ್ಕೆ ಬರುತ್ತದೆ. ಬರೀ ಆರ್‌ಓ ನೀರು ಅಥವಾ ಬರೀ ಮಳೆನೀರು ತುಂಬಬಾರದು. ಪಿಎಚ್ ಹಿಡಿದಿಡುವ ಲವಣಗಳೇ ಅದರಲ್ಲಿಲ್ಲ. ಸೂರಿನ ದೂಳು ತೊಳೆಯುವ ಮೊದಲ ಮಳೆಯನ್ನು ಬಿಟ್ಟು, ಅನಂತರದ ನೀರನ್ನು ಹಿಡಿಯಬೇಕು.

ಬದಲಿಸುವ ಕ್ರಮ

ಮೊದಲು ಹೀಟರ್, ಫಿಲ್ಟರುಗಳ ವಿದ್ಯುತ್ ತಪ್ಪಿಸಬೇಕು. ನೀರಿಲ್ಲದೆ ಕಾದ ಹೀಟರಿನ ಗಾಜು ಒಡೆಯುತ್ತದೆ. ಗಾಜಿನ ಒಳಬದಿಯ ಪಾಚಿಯನ್ನು ಕೆರೆದು, ಸೈಫನ್ ಕೊಳವೆಯಿಂದ ಜಲ್ಲಿಯ ಸಂದಿನ ಕಸವನ್ನೂ ನೀರನ್ನೂ ಒಟ್ಟಿಗೆ ಬಕೆಟ್ಟಿಗೆ ಇಳಿಸಬೇಕು. ಕೊಳವೆಯನ್ನು ಬಾಯಲ್ಲಿ ಎಳೆಯುವುದಕ್ಕಿಂತ, ಪೂರ್ತಿ ನೀರು ತುಂಬಿ ಎರಡೂ ತುದಿ ಒತ್ತಿ ಹಿಡಿದು ಇಳಿಬಿಡುವುದು ಲೇಸು. ತೊಟ್ಟಿಯ ನೀರಿನಲ್ಲಿ ಚರ್ಮರೋಗ ತರುವ ಬ್ಯಾಕ್ಟೀರಿಯಾಗಳು ಇರಬಹುದಾದ್ದರಿಂದ ಕೈಯಲ್ಲಿ ಗಾಯವಿದ್ದವರು ನೀರಿಗೆ ಕೈ ಹಾಕಬಾರದು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗಲ್ಲ, ಹೊರತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು. ಹೊಸ ನೀರನ್ನು ಒಂದು ತಟ್ಟೆಯ ಮೇಲೆ ಬೀಳುವಂತೆ ನಿಧಾನವಾಗಿ ಸುರಿಯಬೇಕು. ಹಳೆಯ ಮತ್ತು ಹೊಸ ನೀರಿನ ಉಷ್ಣತೆಯಲ್ಲಿ ಒಂದೆರಡು ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಮುಗಿದ ಮೇಲೆ ಫಿಲ್ಟರ್ ಮತ್ತೆ ಓಡುತ್ತಿದೆಯೇ ಎಂದು ನೋಡಬೇಕು.

ಋತುಮಾನ

ಬೇಸಿಗೆಯ ಮಧ್ಯಾಹ್ನ ತಾರಸಿಯ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾಯುತ್ತದೆ. ಆದ್ದರಿಂದ ಮಾರ್ಚ್‌ನಿಂದ ಮೇವರೆಗೆ ಬೆಳಗಿನ ಹೊತ್ತೇ ನೀರು ಬದಲಾವಣೆಗೆ ತಕ್ಕದ್ದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.6. ಕರೆಂಟು ಹೋಗಿ ಗಾಳಿಯಂತ್ರ ನಿಂತಾಗ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. ತೊಟ್ಟಿಯ ನೀರು ಆವಿಯಾಗಿ ಇಳಿಯುವುದೂ ಬೇಸಿಗೆಯಲ್ಲೇ ಹೆಚ್ಚು. ಇಳಿದಷ್ಟನ್ನು ತುಂಬುವುದು ನೀರು ಬದಲಾವಣೆಯಲ್ಲ. ಆವಿಯಾಗುವುದು ನೀರು ಮಾತ್ರ, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಬೋರ್ ನೀರು ತುಂಬಿ ತುಂಬಿ ಗಡಸುತನ ಏರುತ್ತಾ ಹೋಗಿ, ಗಾಜಿನ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ.

ಮುಂಗಾರಿನಲ್ಲಿ ಮಲೆನಾಡಿನ ಮಳೆಗೆ ಕಾವೇರಿ, ಹೇಮಾವತಿಗಳಿಗೆ ಕೆಂಪು ಹೊಸ ನೀರು ಬರುತ್ತದೆ. ಬಗ್ಗಡ ಇಳಿಸಲು ಪಟಿಕವನ್ನೂ ರೋಗ ತಡೆಯಲು ಹೆಚ್ಚು ಬ್ಲೀಚಿಂಗ್ ಪುಡಿಯನ್ನೂ ಆಗ ಬಳಸಬೇಕಾಗುತ್ತದೆ. ನಲ್ಲಿ ನೀರಿನಲ್ಲಿ ವಾಸನೆ ಹೆಚ್ಚಿರುವ ದಿನ, ಊರಿನ ಓವರ್‌ಹೆಡ್ ಟ್ಯಾಂಕ್ ತೊಳೆದ ಮರುದಿನ ನೀರು ಬದಲಿಸದೆ ಮುಂದೂಡಿ, ಮೀನಿಗೆ ಆಹಾರ ಕಡಿಮೆ ಹಾಕುವುದು ಸುರಕ್ಷಿತ.

ಸಾಮಾನ್ಯ ತಪ್ಪುಗಳು

ಎಲ್ಲ ನೀರನ್ನೂ ಚೆಲ್ಲಿ, ಜಲ್ಲಿಯನ್ನು ಸೋಪಿನಲ್ಲಿ ಉಜ್ಜಿ ತೊಳೆದು ಮತ್ತೆ ತುಂಬುವುದು ತುಂಬ ಸಾಮಾನ್ಯವಾದ ತಪ್ಪು. ಬ್ಯಾಕ್ಟೀರಿಯಾ ನೆಲೆ ನಾಶವಾಗಿ ನಾಲ್ಕಾರು ದಿನದಲ್ಲಿ ಅಮೋನಿಯಾ ಏರುತ್ತದೆ, ಚೊಕ್ಕವಾಗಿ ಹೊಳೆಯುವ ತೊಟ್ಟಿಯಲ್ಲೇ ಮೀನು ಸಾಯುತ್ತದೆ. ಬಹುಕಾಲ ಕೈಬಿಟ್ಟ ತೊಟ್ಟಿಗೆ ಒಮ್ಮೆಲೇ ಹೆಚ್ಚು ನೀರು ಹಾಕುವುದು ಎರಡನೆಯ ತಪ್ಪು. ಹಳೆಯ ನೀರಿನ ಪಿಎಚ್ ಕುಸಿದಿರುವಾಗ ಅಮೋನಿಯಾ ನಿರುಪದ್ರವಿ ರೂಪದಲ್ಲಿರುತ್ತದೆ. ಕ್ಷಾರೀಯ ಹೊಸ ನೀರು ಬಿದ್ದು ಪಿಎಚ್ ಏರಿದ ಕೂಡಲೇ ಅದು ವಿಷವಾಗುತ್ತದೆ. ಅಂಥ ತೊಟ್ಟಿಗೆ ದಿನಕ್ಕೆ ಹತ್ತನೇ ಒಂದು ಭಾಗದಂತೆ ವಾರವಿಡೀ ಬದಲಿಸುತ್ತಾ ಬರಬೇಕು. ಹೊಸ ತೊಟ್ಟಿಯಲ್ಲಿ ಅಮೋನಿಯಾ ಹಠಾತ್ತನೆ ಏರಿದಾಗ ಮಾತ್ರ ದೊಡ್ಡ ಬದಲಾವಣೆಯೇ ಮದ್ದು. ಹದಮಾಡಿದ ನೀರಿನಿಂದ ಅರ್ಧದಂತೆ ಎರಡು ಸಲ ಬದಲಿಸಿದರೆ ಮೊದಲಿದ್ದುದರ ಕಾಲು ಭಾಗ ಉಳಿಯುತ್ತದೆ.

ಪರೀಕ್ಷೆ

ಅಕ್ವೇರಿಯಂ ಅಂಗಡಿಗಳಲ್ಲಿ ಪರೀಕ್ಷೆಯ ಪಟ್ಟಿ ಮತ್ತು ಹನಿಗಳು ದೊರೆಯುತ್ತವೆ. ಕರ್ನಾಟಕದಲ್ಲಿ 'ಮನೆ ಮನೆಗೆ ಗಂಗೆ' ಹೆಸರಿನಲ್ಲಿ ನಡೆಯುವ ಜಲಜೀವನ್ ಮಿಷನ್ 2019ರಲ್ಲಿ ಆರಂಭವಾದ ಮೇಲೆ ಹಳ್ಳಿಗಳಲ್ಲಿ ಕ್ಷೇತ್ರ ಪರೀಕ್ಷಾ ಕಿಟ್ ಬಳಕೆಗೆ ಬಂದಿದೆ. ಕುಡಿಯುವ ನೀರಿಗೆಂದು ಮಾಡಿದ ಪಿಎಚ್, ಗಡಸುತನ, ನೈಟ್ರೇಟ್, ಕ್ಲೋರಿನ್ ಪರೀಕ್ಷೆಯ ಫಲಿತಾಂಶ ಮೀನುತೊಟ್ಟಿಗೂ ಉಪಯುಕ್ತ. ವರದಿಯಲ್ಲಿ ನೈಟ್ರೇಟ್ ಸಾರಜನಕ ಎಂದು ಬರೆದಿದ್ದರೆ ಆ ಅಂಕಿಯನ್ನು 4.43ರಿಂದ ಗುಣಿಸಿದಾಗ ನೈಟ್ರೇಟ್ ಪ್ರಮಾಣ ಸಿಗುತ್ತದೆ.

ಹೊರತೆಗೆದ ನೀರು ಮತ್ತು ಮೀನು

ತೊಟ್ಟಿಯಿಂದ ತೆಗೆದ ನೀರು ಗಿಡಕ್ಕೆ ಗೊಬ್ಬರ. ಹಿತ್ತಲಿನ ಬಾಳೆ, ಕರಿಬೇವು, ತೆಂಗಿನ ಬುಡಕ್ಕೆ ಹಾಕಬಹುದು. ಉಪ್ಪು ಅಥವಾ ತಾಮ್ರದ ಔಷಧಿ ಹಾಕಿದ ವಾರಗಳ ನೀರನ್ನು ಗಿಡಕ್ಕೆ ಹಾಕಬಾರದು.

ನೀರಿನೊಡನೆ ಬೇಡವಾದ ಮೀನು, ಬಸವನಹುಳು, ಗಿಡಗಳನ್ನು ಕೆರೆ ಅಥವಾ ನಾಲೆಗೆ ಬಿಡುವುದು ದೊಡ್ಡ ಅಪಾಯ. ಗಾಜಿನ ಪಾಚಿ ತಿನ್ನಲೆಂದು ತರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಸಾಕಣೆದಾರರ ಕೈತಪ್ಪಿ ದಕ್ಷಿಣ ಭಾರತದ ಹಲವು ಕೆರೆ, ಹೊಳೆಗಳಲ್ಲಿ ನೆಲೆಯೂರಿದೆ. ನಾಗಮಂಗಲದ ಕಡೆಯಿಂದ ಹರಿದುಬರುವ ಲೋಕಪಾವನಿ ಪಾಂಡವಪುರ ತಾಲ್ಲೂಕನ್ನು ಹಾದು ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿಯನ್ನು ಸೇರುತ್ತದೆ, ಕೆ.ಆರ್. ಪೇಟೆಯ ಹೇಮಾವತಿ ಕೃಷ್ಣರಾಜಸಾಗರದಲ್ಲಿ ಸೇರುತ್ತದೆ. ಹೀಗಾಗಿ ಈ ತಾಲ್ಲೂಕುಗಳಲ್ಲಿ ಬಿಟ್ಟ ಮೀನು ಕೊನೆಗೆ ಕಾವೇರಿಗೆ ಮುಟ್ಟಬಹುದು. ಈ ಜಲಾಶಯದ ಕೆಳಗಿನ ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಿಂದ ರಾಮ್ಸರ್ ಪಟ್ಟಿಯ ಜೌಗುನೆಲೆ. ಕಾವೇರಿ ಜಲಾನಯನದಲ್ಲಿ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಇಲ್ಲದ ಡುಬ್ಬದ ಮಹಶೀರ್ ಮೀನನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2018ರಲ್ಲಿ ತೀವ್ರ ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಸಾಕಲಾಗದ ತೊಟ್ಟಿ ಮೀನನ್ನು ಅಂಗಡಿಗೆ ಮರಳಿಸಬೇಕು ಅಥವಾ ಇನ್ನೊಬ್ಬ ಸಾಕಣೆದಾರರಿಗೆ ಕೊಡಬೇಕು, ಹೊಳೆಗೆ ಬಿಡಬಾರದು.